ರಿವರ್ಸ್ ಕಲಿಯುವ ಮೊದಲು

ಹಾಲು ತರಲೆಂದು ಹೊರಟದ್ದು.
ಬೆಳಗಿನ ಐದೂವರೆ, ಬಿಜೈ ರಸ್ತೆ ಖಾಲಿ,
ಗಾಜಿನ ಮೇಲೆ ಕೆಂಪು ಬಣ್ಣದ ‘ಎಲ್’,
ಐವತ್ಮೂರರ ನಾನು ಸ್ಟೇರಿಂಗ್ ಹಿಡಿದು,
ಪಕ್ಕದಲ್ಲಿ ಇವರು, ಮಡಿಲಲ್ಲಿ
ತಣ್ಣಗೆ ಬೆವರುವ ಎರಡು ಪ್ಯಾಕೆಟ್.

ಕೊಟ್ಟಾರ ಚೌಕಿಯಲ್ಲಿ ತಿರುಗಬೇಕಿತ್ತು.
ಹಿಂದೆ ಮೀನಿನ ಲಾರಿಯ ಹಾರ್ನು;
ಕೈ ಮರಗಟ್ಟಿತು, ಕಾರು ನೇರ ಹೋಯಿತು.
ಕೂಳೂರು ಸೇತುವೆ ದಾಟಿದ ಮೇಲೆ ಬಾಯಿಬಿಟ್ಟೆ:
ನೋಡಿ, ನನಗೆ ಮುಂದೆ ಹೋಗುವುದಷ್ಟೇ ಗೊತ್ತು.
ಯೂ ಟರ್ನ್, ರಿವರ್ಸು ಎಲ್ಲ
ಬರುವ ವಾರ ಅಂದಿದ್ದಾನೆ ಮೆಲ್ವಿನ್.

ಇವರಿಗೆ ಅದೂ ಗೊತ್ತಿಲ್ಲ.
ಇಪ್ಪತ್ತಾರು ವರ್ಷ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರು,
ಮಂಗಳೂರು ಉಡುಪಿ, ಉಡುಪಿ ಮಂಗಳೂರು,
ರಸ್ತೆಗೆ ಬೆನ್ನು ಹಾಕಿ, ಮುಖಗಳ ಕಡೆ ತಿರುಗಿ.
ಇದೇ ಮೊದಲು ಮುಂದಿನ ಸೀಟು.
‘ಓ, ಇದು ಹೀಗೆ ಬರುತ್ತದಾ!’ ಅಂದರು
ಮುಕ್ಕದ ತಿರುವಿಗೆ.

ಹೆಜಮಾಡಿ ಟೋಲಿನ ಹುಡುಗ ‘ಎಲ್’ ನೋಡಿ, ನನ್ನ ನೋಡಿ
ಎಲ್ಲಿಗೆ ಅಂತ ಕೇಳಿದ.
ಹಾಲಿಗೆ, ಅಂದರು ಇವರು.

ಪಡುಬಿದ್ರಿಯಲ್ಲಿ ಒಬ್ಬ ಟೀಚರಂತೆ,
ಹದಿನಾಲ್ಕು ವರ್ಷ ಅದೇ ಕಿಟಕಿ, ಅದೇ ಛತ್ರಿ,
ಒಂದು ಸೋಮವಾರ ಹತ್ತಲಿಲ್ಲ.
ಯಾರನ್ನು ಕೇಳುವುದು? ಬಸ್ಸು ಅರ್ಧ ನಿಮಿಷ ಹೆಚ್ಚು ನಿಲ್ಲಿಸಿದ್ದೆ,
ಅಂದರು, ಹೊರಗೆ ನೋಡುತ್ತ.
ಇದನ್ನು ಮನೆಯಲ್ಲಿ ಯಾವತ್ತೂ ಹೇಳಿದ್ದಿಲ್ಲ.

ನಾನೂ ಹೇಳಿದೆ: ಮದುವೆಯ ಹೊಸತರಲ್ಲಿ
ಚೆಕ್ಕಿಂಗ್ ಇದೆಯೆಂದು ನನಗೂ ಟಿಕೆಟ್ ಹರಿದಿರಲ್ಲ,
ನಾಲ್ಕೂವರೆ ರೂಪಾಯಿ,
ಚಿಲ್ಲರೆ ನಾಳೆ ಅಂದಿರಿ.
ಇವರು ಕಿಸೆ ತಡಕಿ ಐವತ್ತು ಪೈಸೆಯ ನಾಣ್ಯ ತೆಗೆದು
ಡ್ಯಾಶ್‌ಬೋರ್ಡಿನ ಮೇಲಿಟ್ಟರು.
ಈಗ ಅದು ನಡೆಯುವುದಿಲ್ಲ ಮಾರಾಯ್ರೆ.

ಉಡುಪಿಯ ಕರಾವಳಿ ಬೈಪಾಸ್‌ನಲ್ಲಿ
ಇವರ ಬಸ್ಸು ಬಲಕ್ಕೆ ತಿರುಗುತ್ತಿತ್ತು.
ನಾವು ತಿರುಗಲಿಲ್ಲ, ಕಾರಣ ಹೇಳಿದೆನಲ್ಲ.
ಸಂತೆಕಟ್ಟೆ ಕಳೆದ ಮೇಲೆ ಸ್ಟಾಪಿನ ಹೆಸರು ಕೂಗುವುದು ನಿಂತಿತು;
ಬೋರ್ಡು ಓದತೊಡಗಿದರು, ಅಕ್ಷರ ಕೂಡಿಸಿ, ಮಗುವಿನ ಹಾಗೆ.

ಸಾಲಿಗ್ರಾಮದಲ್ಲಿ ಹಸಿವು.
ಮುಂದೆ ಜಾಗ ಇರುವಲ್ಲಿ ಮಾತ್ರ ನಿಲ್ಲಿಸಬಲ್ಲೆ,
ಮೂರು ಹೋಟೆಲು ಬಿಟ್ಟುಕೊಟ್ಟೆ.
ನಾಲ್ಕನೆಯದರಲ್ಲಿ ಬನ್ಸ್ ಮುಗಿದಿತ್ತು,
ಇದ್ದ ಒಂದೇ ಗೋಳಿಬಜೆ ಪ್ಲೇಟು ಹಂಚಿಕೊಂಡೆವು.

ಮರವಂತೆ.
ಎಡಕ್ಕೆ ಕಡಲು, ಬಲಕ್ಕೆ ಹೊಳೆ,
ನಡುವೆ ನಾನು, ಮೂರನೇ ಗೇರು.
ನೋಡು ನೋಡು, ಅಂದರು.
ನೋಡಿದರೆ ಯಾವುದರಲ್ಲಿ ಬೀಳುವುದೋ!
ನೀವೇ ನೋಡಿ, ನೋಡಿ ಹೇಳಿ.
ಹೇಳಿದರು: ಇವತ್ತು ನೀರು ತಿಳಿಸಾರಿನ ಬಣ್ಣ,
ಒಂದು ದೋಣಿ, ಎರಡು, ಅಲ್ಲ, ಒಂದೇ.
ಕಲ್ಲಿನ ಮೇಲೆ ಯಾರೋ ಪ್ಯಾಂಟು ಮಡಚುತ್ತಿದ್ದಾನೆ.
ಈ ಕಡೆ ಹೊಳೆಯಲ್ಲಿ ಗಾಳಿಯೇ ಇಲ್ಲ ವಾರಿಜಾ, ತೆಂಗು ತಲೆಕೆಳಗಾಗಿ ನಿಂತಿದೆ.
ನನ್ನ ಹೆಸರನ್ನು ಇವರ ಬಾಯಲ್ಲಿ
ಎಷ್ಟೋ ಕಾಲದ ಮೇಲೆ ಕೇಳಿದ್ದು.
ಗೇರು ತಪ್ಪಿತು, ಕಾರು ಒಮ್ಮೆ ಕೆಮ್ಮಿತು.

ಶಿರೂರು, ಭಟ್ಕಳ, ಶರಾವತಿಯ ಉದ್ದ ಸೇತುವೆ.
ಕಾರವಾರದಲ್ಲಿ ರಸ್ತೆ ಬಿಟ್ಟು ಇಳಿದು
ಮೂತಿ ಮರಳಿಗೆ ತಾಗಿ ನಿಂತೆವು.
ಲಾಡ್ಜಿನವನು ಲಗೇಜು ಕೇಳಿದ.
ಇವರು ಪ್ಯಾಕೆಟ್ ಎರಡೂ ಕೌಂಟರಿನ ಮೇಲಿಟ್ಟರು,
ಉಬ್ಬಿ, ಒಡೆದು, ಹುಳಿ ವಾಸನೆ.
ಅವನು ಲೆಡ್ಜರಿನಲ್ಲಿ ಏನು ಬರೆದುಕೊಂಡನೋ.

ಬೆಳಿಗ್ಗೆ ಚುರುಮುರಿ ಮಾರುವ ಹುಡುಗ
ಕಾರನ್ನು ಹಿಂದೆ ತೆಗೆದು, ತಿರುಗಿಸಿ, ಕೀ ಕೊಟ್ಟ.
ಇವರು ಆ ನಡೆಯದ ನಾಣ್ಯದಿಂದ
ಕಿಟಕಿಯ ಕಂಬಿಗೆ ಎರಡು ಸಲ ಬಡಿದರು:
ರೈಟ್, ಪೋಯಿ.

ಸಂಜೆ ಗೇಟಿನಲ್ಲಿ ಪಕ್ಕದ ಮನೆಯ ಪ್ರೆಸಿಲ್ಲಾ ಬಾಯಿ,
ನಿನ್ನೆ ಹಾಲಿಗೆ ಹೋದವರು! ಸಿಗಲಿಲ್ಲವಾ?
ಸಿಕ್ಕಿತ್ತು, ಅಂದರು ಇವರು ಚಪ್ಪಲಿಯ ಮರಳು ಕೊಡವುತ್ತ,
ಆಮೇಲೆ ಸ್ವಲ್ಪ ನೇರ ಹೋದೆವು.