ಕೊಸರು

ದಾವಣಗೆರೆ, ಪಿ.ಬಿ. ರಸ್ತೆ, ಟೈರ್ ಅಂಗಡಿಯ ಮಹಡಿ.
ಕೊಟ್ರೇಶಿ ತಾಸಿಗೆ ನಲವತ್ತು ತಗೋತಾನೆ, ಫ್ಯಾನಿಗೆ ಬೇರೆ ಇಲ್ಲ.
ಮೂರನೇ ಸಲ ಸತ್ತೆ. ಕೊಂದವನು ದಾದಾಪೀರ್,
ಎರಡು ಕುರ್ಚಿ ಆಚೆ, ಮಡಿಲಲ್ಲಿ ಕಂಟ್ರೋಲರ್,
ಕೂಸು ಮಲಗಿಸುವವನ ಹಾಗೆ.

‘ಗುರಿ ನಿಂದಲ್ಲಲೇ, ಆಟದ್ದು.
ಎರಡು ವರ್ಷ ಮೌಸ್ ತಿಕ್ಕಿ ಮಣಿಕಟ್ಟು ಸವೆಸಿದೀನಿ ನಾನು.
ನಿನಗೆ ಅದೇ ಬಂದು ತಲೆಗೆ ಅಂಟುತ್ತೆ.’
ಅವನು ಮಾತಾಡಲಿಲ್ಲ. ಕುರ್ಚಿ ಬದಲಿಸಿದ.

ಹೌದು, ಎಳೆಯುತ್ತೆ,
ಸಂತೆಯಲ್ಲಿ ಯಾರೋ ತೋಳು ಜಗ್ಗಿದಷ್ಟು.
ಬಾಗಿಲಲ್ಲಿದ್ದವನಿಗೆ ಇಟ್ಟ ಗುರಿ
ನಡುವೆ ಓಡಿದವನ ಬೆನ್ನು ಹತ್ತಿತು
ನನ್ನನ್ನು ಕೇಳದೆ.
ಹಿಂದೆ ಹೆಜ್ಜೆ ಸದ್ದು. ತಿರುಗಬೇಕು.
ಇಡೀ ಊರು ತಿರುಗಿಸಲು ಒಂದೇ ಹೆಬ್ಬೆಟ್ಟು.
ನಾಲ್ಕನೇ ಸಲ ಸತ್ತೆ.

ಅತ್ತ ದಾದಾಪೀರ್‌ಗೆ ಮೇಜೇ ಮುಗಿದುಹೋಯಿತು;
ಮೌಸು ಗೋಡೆಗೆ ಬಡಿದು, ಗುಂಡೆಲ್ಲ ಆಕಾಶಕ್ಕೆ.

ಕೊಟ್ರೇಶಿ ಭಟ್ಟಿಯಿಂದ ಮಂಡಕ್ಕಿ ತಂದಿದ್ದ.
‘ಸೇರು ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕ್ತಾರಲ್ಲ,
ಅದನ್ನ ಯಾರಾದರೂ ಮೋಸ ಅಂದಿದಾರೇನೋ?’
ನ್ಯಾಯ ಹೇಳಿ ಮುಗಿಸಿದೆ ಅಂದುಕೊಂಡ.

ಆದರೆ ಕೊಸರು ಹೋಗುವುದು ಮಾರುವವನ ಚೀಲದಿಂದ.
ಇದು ಹೋಗಿದ್ದು ನನ್ನ ತಲೆಯಿಂದ.
ಹೇಳಲಿಲ್ಲ. ಬಾಯ್ತುಂಬ ಮಂಡಕ್ಕಿ.

ಪೇಪರಿನ ಮೇಲೆ ಒಂದೇ ಮೆಣಸಿನಕಾಯಿ ಉಳಿದಿತ್ತು.
ಇಬ್ಬರೂ ನೋಡಿದೆವು.
ಅದಕ್ಕೆ ಯಾವ ಯಂತ್ರವೂ ಕೈ ಜಗ್ಗಲಿಲ್ಲ.
ದಾದಾಪೀರ್‌ನೇ ಮೊದಲು ಮುಟ್ಟಿದ,
ಮುರಿದ,
ದೊಡ್ಡ ತುಂಡು ಯಾವುದೆಂದು ಬೆಳಕಿಗೆ ಹಿಡಿದು
ಇನ್ನೂ ನೋಡುತ್ತಿದ್ದಾನೆ.