ಹಾಜರಿ ಪುಸ್ತಕದ ಹದಿನೇಳನೇ ಸಾಲು

ಶುಕ್ರವಾರ ಎರಡೂಮುಕ್ಕಾಲಕ್ಕೆ ಬಂದ.
ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಹೆಲ್ಮೆಟ್ಟು ಎರಡು,
ಒಂದು ಚಿಕ್ಕದು, ಬೆಲೆಯ ಚೀಟಿ ಇನ್ನೂ ಕಿತ್ತಿರಲಿಲ್ಲ.
"ಟೀಚರೇ, ಮಗನಿಗೆ ಹಲ್ಲಿನ ಡಾಕ್ಟ್ರು, ಕಾಸರಗೋಡಲ್ಲಿ, ಮೂರೂವರೆಗೆ"
ಅಂದ ಮಲಯಾಳ ಬೆರೆತ ಕನ್ನಡದಲ್ಲಿ.
ಕನ್ನಡ ಬೆರೆತ ಮಲಯಾಳದಲ್ಲಿ ನಾನು "ಆಯ್ಕೋಟೆ" ಅಂದೆ.

ನಿವೇದ್ ಬೆಂಚು ಹಾರಿ ಓಡಿದ.
ಪೊಲೀಸರಿಗೂ ಇದನ್ನೇ ಹೇಳಿದ್ದೇನೆ:
ಯಾರೂ ಎಳೆಯಲಿಲ್ಲ, ಅವನೇ ಓಡಿದ,
ಅಪ್ಪನ ಸೊಂಟಕ್ಕೆ ತಲೆಯಿಂದ ಗುದ್ದಿ ನಕ್ಕ.
ಪುಸ್ತಕದಲ್ಲಿ ಸಜೀಂದ್ರನ್ ಎಂದು ಒಂದು ಸಹಿ, ಅದರ ಕೆಳಗೆ ನನ್ನದು.
ನನ್ನ ಸಹಿ ಅವತ್ತು ಯಾಕೋ ತುಂಬ ಚೆಂದ ಬಂದಿತ್ತು.

ನಾಲ್ಕಕ್ಕೆ ಗೇಟಿನ ಹತ್ತಿರ ಉಮಾವತಿ,
ಬೀಡಿ ಬ್ರಾಂಚಿನಿಂದ ನೇರ ಬಂದವಳು,
ಉಗುರಿನ ಸಂದಿಯಲ್ಲಿ ಹೊಗೆಸೊಪ್ಪಿನ ಪುಡಿ.
"ಹಲ್ಲಾ? ಯಾವ ಹಲ್ಲು?" ಅಂದಳು.
"ಎದುರಿನದ್ದು ಮೊನ್ನೆ ತಾನೇ ಬಿತ್ತಲ್ಲ,
ಹಂಚಿನ ಮೇಲೆ ಎಸೆದಿದ್ದೇವೆ."
ಆಮೇಲೆ ಏನೂ ಅನ್ನಲಿಲ್ಲ.

ಕುಂಬಳೆ ಠಾಣೆಯಲ್ಲಿ ಫ್ಯಾನು ತಿರುಗುತ್ತಿತ್ತು.
ಕೋರ್ಟಿನ ಆರ್ಡರ್ ಉಂಟಾ? ಇಲ್ಲ.
ಇದ್ದದ್ದು ಬರೀ ತಾರೀಕು, ಮುಂದಿನ ತಿಂಗಳ ಹನ್ನೊಂದು.
ಬರೆಯುತ್ತಿದ್ದವರು ಪೆನ್ನಿನ ಮುಚ್ಚಳ ಹಾಕಿ ಮೆಲ್ಲಗೆ ಹೇಳಿದರು,
"ಮಗು ಕಾಣೆಯಾಗಿಲ್ಲಮ್ಮ. ಅಪ್ಪನ ಹತ್ತಿರ ಉಂಟು.
ನಿಮಗೆ ಕಾಣುವುದಿಲ್ಲ, ಅಷ್ಟೆ."

ಸೋಮವಾರ. ಹದಿನೈದು, ಹಾಜರ್. ಹದಿನಾರು, ಹಾಜರ್.
ಹದಿನೇಳು
ಎನ್ನುವ ಮೊದಲೇ ಇಡೀ ಕ್ಲಾಸು:
"ಹಲ್ಲಿನ ಡಾಕ್ಟ್ರಲ್ಲಿಗೆ ಹೋಗಿದ್ದಾನೆ ಟೀಚರ್!"
ಮಂಗಳವಾರವೂ ಹಲ್ಲಿನ ಡಾಕ್ಟ್ರು, ಮುಂದಿನ ವಾರವೂ.
ಒಂಬತ್ತನೇ ದಿನ ಹಿಂದಿನ ಬೆಂಚಿನ ಫಾಯಿಜಾ ಎದ್ದು ಕೇಳಿದಳು,
"ಅವನಿಗೆ ಎಷ್ಟು ಹಲ್ಲು ಟೀಚರ್?"

ಹೆಡ್ಮಾಸ್ಟ್ರು ಹೇಳಿದರು, ಹೆಸರು ಹೊಡೆಯಬೇಡಿ,
ಒಂದು ತಲೆ ಕಡಿಮೆಯಾದರೆ
ಕನ್ನಡ ಡಿವಿಜನ್ ಹೋದ ಹಾಗೆಯೇ.
ಉಮಾವತಿಯೂ ಹೇಳಿದಳು, ಹೆಸರು ಹೊಡೆಯಬೇಡಿ.
ಅವಳು ಕಾರಣ ಹೇಳಲಿಲ್ಲ.

ಒಮ್ಮೆ ಬೋರ್ಡಿನ ಮೇಲೆ 'ಮಳೆ' ಎಂದು ಬರೆದು ನಿಂತುಬಿಟ್ಟೆ.
ಇಲ್ಲಿ ಮೊದಲು ಬೇರೊಂದು ಅಕ್ಷರವಿತ್ತು, ೞ,
ಕಾಲೇಜಿನಲ್ಲಿ ಓದಿದ್ದು.
ಯಾವ ಶುಕ್ರವಾರ ಹೋಯಿತೋ, ಯಾರ ಕೈಹಿಡಿದೋ,
ಯಾರೂ ದೂರು ಕೊಟ್ಟ ಹಾಗಿಲ್ಲ.
ಅದರ ಜಾಗದಲ್ಲಿ ಳ ಬಂದು ಕೂತಿತು, ನಾವು ರೂಢಿಯಾದೆವು.
ಚಂದ್ರಗಿರಿ ಹೊಳೆ ದಾಟಿದರೆ ಅದು ಈಗಲೂ ಇದೆ,
ಮಕ್ಕಳ ನಾಲಗೆಯ ಮೇಲೆ, ಗಟ್ಟಿಮುಟ್ಟಾಗಿ:
ಮೞ, ಪುೞ, ವೞಿ.

ಡಿಸೆಂಬರಿನಲ್ಲಿ ಆಫೀಸಿನ ಕಂಪ್ಯೂಟರಿಗೆ ಒಂದು ಬೇಡಿಕೆ ಬಂತು.
ಶೊರನೂರಿನ ಆಚೆ ಯಾವುದೋ ಶಾಲೆ, ಎರಡನೇ ಕ್ಲಾಸು,
ಮಾಧ್ಯಮ ಮಲಯಾಳಂ, ಟೀಸಿ ಕಳಿಸಿಕೊಡಿ.
ಕಾರಣ: ತಂದೆಯ ವಾಸ್ತವ್ಯ ಬದಲಾವಣೆ.
ಒಪ್ಪಿಗೆಯ ಗುಂಡಿ ಹಸಿರಾಗಿ ಕಾಯುತ್ತಿತ್ತು.
ಒತ್ತಲಿಲ್ಲ.
ಕಾಗದ ತೆಗೆದು ಎಂಟು ಮಡಿಕೆ ಮಾಡಿ
ರವಿಕೆಯೊಳಗಿಟ್ಟು ಮೊಗ್ರಾಲಿನ ಬಸ್ಸು ಹತ್ತಿದೆ.
ನಿಯಮ ಏನು ಹೇಳುತ್ತದೋ ನನಗೆ ಗೊತ್ತಿಲ್ಲ.
ಗೊತ್ತಿಲ್ಲವೆಂದು ಹೇಳಲು ಈ ಸಲ ನಾನು ತಯಾರಿದ್ದೆ.

ಉಮಾವತಿ ಕಾಗದವನ್ನು ಮೊರದ ಮೇಲೆ, ಎಲೆಗಳ ನಡುವೆ ಹರಡಿದಳು.
ಅವಳಿಗೆ ಆ ಲಿಪಿ ಬಾರದು.
"ಹೆಸರೆಲ್ಲಿ?" ನಾನು ಬೆರಳಿಟ್ಟೆ.
ಅಲ್ಲೇ ತನ್ನ ಬೆರಳನ್ನೂ ಇಟ್ಟಳು, ತುಂಬ ಹೊತ್ತು ತೆಗೆಯಲಿಲ್ಲ.
ವಕೀಲರಿಗೆ ಫೋನು ಮಾಡು ಎಂದೆ. ಹೂಂ ಅಂದಳು.
ರಾತ್ರಿಯ ಗಾಡಿಗೆ ಹೋಗಬೇಡ, ಆರ್ಡರ್ ಹಿಡಿದು ಹೋಗು ಎಂದೆ.
ಅದಕ್ಕೂ ಹೂಂ.

ಅಂಗಳ ಇಳಿಯುತ್ತಿದ್ದೆ, ಹಿಂದಿನಿಂದ ಕರೆದಳು.
"ಟೀಚರೇ,
ಇಷ್ಟು ಹೊತ್ತಿಗೆ ಹೊಸ ಹಲ್ಲು ಬಂದಿರಬಹುದಲ್ಲಾ?
ನೇರ ಬಂದಿರಬಹುದಾ?"