ಹನ್ನೊಂದು ನಮೂನೆ

ಕೊಯ್ಯುವವಳು ಎಲಿಯಾನಾ ವೆಂಚೂರ್.
ಬರೆದುಕೊಳ್ಳುವವನು ನಾನು.
ಚಿಲಿ ದೇಶದ ತೆಂಕಣ ಕಡಲು, ಚಿಲೊಯೆ ದ್ವೀಪ.
ಇಳಿದ ನೀರು ಅರ್ಧ ಮೈಲಿ ಆಚೆ ನಿಂತು
ತನಗೇನೂ ಗೊತ್ತಿಲ್ಲ ಎಂಬಂತೆ ಹೊಳೆಯುತ್ತಿದೆ.

ಹನ್ನೊಂದು ಪೈಲಟ್ ತಿಮಿಂಗಿಲ. ಹನ್ನೊಂದು ನಮೂನೆ.
ಇವತ್ತಿಗೆ ಮೂರನೆಯ ದಿನ, ಕೊನೆಯದು ಇದು.
ಹೆಣ್ಣು. ನಾಲ್ಕು ಮೀಟರು ಹನ್ನೆರಡು.
ಹಲ್ಲು ಸವೆದಿದೆ. ಬರಿ, ಅನ್ನುತ್ತಾಳೆ.
ಹೊಟ್ಟೆಯಲ್ಲಿ ಬೊಂಡಾಸಿನ ಕೊಕ್ಕು,
ಗಿಳಿಮೂತಿಯಂಥವು, ಕಪ್ಪು, ಒಂದು ಬೊಗಸೆ.
ಪ್ಲಾಸ್ಟಿಕ್ಕು? ಇಲ್ಲ. ಬಲೆ ಕೊಯ್ದ ಗಾಯ? ಇಲ್ಲ.
ಶ್ವಾಸಕೋಶ ಚೊಕ್ಕಟ.
ಇಷ್ಟು ಆರೋಗ್ಯವಾಗಿ ಯಾರಾದರೂ ಸಾಯುತ್ತಾರೆಯೇ
ಎಂದೆ ನಾನು.
ಬರಿ, ಎಂದಳು.

ಕಿವಿ ಕೊನೆಗೆ.
ದವಡೆಯ ಹಿಂದೆ ಎರಡೂ ಕೈ ಮೊಣಕೈವರೆಗೆ ತೂರಿಸಿ
ಹೆರಿಗೆ ಮಾಡಿಸುವ ಹಾಗೆ ಎಳೆಯುತ್ತಾಳೆ:
ಶಂಖದಷ್ಟು ಗಟ್ಟಿ ಮೂಳೆ, ಮುಷ್ಟಿಗಾತ್ರ.
ನೌಕಾಪಡೆಯದೋ, ತೈಲ ಹುಡುಕುವವರದೋ
ಯಾವುದಾದರೂ ಸದ್ದು ಒಳಗೆ ನೆತ್ತರು ಒಡೆಸಿದ್ದರೆ
ಇದು ಹೇಳುತ್ತದೆ.
ಹೇಳುವುದಕ್ಕೆ ಆರು ತಿಂಗಳು ಬೇಕು,
ವಾಲ್ಡಿವಿಯಾದ ಪ್ರಯೋಗಾಲಯದ ಹುಡುಗ ರಜೆ ಹಾಕದಿದ್ದರೆ.

ಕಡಲಪಾಚಿ ಆರಿಸುವ ಮುದುಕಿ ಡೊಮಿತಿಲಾ
ಮೂರು ದಿನದಿಂದ ದೋಣಿಯ ಅಂಚಿಗೆ ಕೂತು ನೋಡುತ್ತಿದ್ದವಳು
ಎದ್ದು ಬಂದಳು. ಕುಡುಗೋಲು ಕೈಯಲ್ಲೇ ಇತ್ತು.
ಒಂದೊಂದನ್ನೂ ವಿಚಾರಿಸುತ್ತಿದ್ದೀರಲ್ಲ,
ಮೊದಲು ಬಂದದ್ದು ಯಾವುದು, ಅದು ಗೊತ್ತೇ?

ಕಾಗದ ತಿರುವಿದೆ. ಆ ಕಾಲಂ ಇಲ್ಲ.

ಅಗೋ, ಬಂಡೆಯ ಪಕ್ಕದ್ದು, ಅಂದಳು.
ಆ ರಾತ್ರಿ ನಾಲ್ಕಕ್ಕೆ ಅದೊಂದೇ ಇತ್ತು, ಸಿಳ್ಳೆ ಹಾಕುತ್ತಿತ್ತು.
ಉಳಿದವು ಆಚೆ ಸುತ್ತುತ್ತಿದ್ದವು, ನೀರು ಬೇಕಾದಷ್ಟಿತ್ತು,
ಹೋಗಬಹುದಿತ್ತು.
ಇಳಿತ ಶುರುವಾದ ಮೇಲೆ
ಒಂದೊಂದಾಗಿ ಬಂದು ಮಗ್ಗುಲಿಗೆ ಮಲಗಿದವು.

ಎಲಿಯಾನಾ ಚಾಕು ಒರೆಸಿದಳು, ಎರಡು ಸಲ.
ಬಂಡೆಯ ಪಕ್ಕದ್ದನ್ನು ಮೊನ್ನೆಯೇ ಕೊಯ್ದಿದ್ದೆವು.
ಮೂರನೆಯ ನಮೂನೆ. ಎಳೆಯ ಗಂಡು.
ಮಿದುಳ ಪೊರೆಯಲ್ಲಿ ಕೀವು:
ಅದರ ಸಾವು ಮೂರೇ ಪದಕ್ಕೆ ಮುಗಿದಿತ್ತು.
ಉಳಿದ ಹತ್ತಕ್ಕೆ?

ಬರಿ, ಅನ್ನಲಿಲ್ಲ ಅವಳು.

ಭರತ ಏರುವ ಹೊತ್ತಾಗಿತ್ತು, ಹೊರಡಬೇಕಿತ್ತು.
ಹತ್ತು ಹಾಳೆಯಲ್ಲಿ 'ಕಾರಣ'ದ ಎದುರು
ನಾನೇ ಗೀಟು ಎಳೆದೆ.
ಎಂಟನೆಯದರಲ್ಲಿ ಪೆನ್ನು ಕೈಕೊಟ್ಟಿತು, ಅವಳದ್ದು ಇಸಕೊಂಡೆ.

ಜೀಪಿನ ಹಿಂದೆ ಡಬ್ಬಿಗಳಲ್ಲಿ ಇಪ್ಪತ್ತೆರಡು ಕಿವಿ,
ಕಲ್ಲುದಾರಿಯುದ್ದಕ್ಕೂ ಲಟಲಟ.
ನಾವಿಬ್ಬರೂ ಮಾತಾಡಲಿಲ್ಲ,
ಕೇಳಿಸಿಕೊಂಡುಬಿಡುತ್ತವೆ ಎಂಬಂತೆ.